ಹ್ಯಾಂಡಲಿನ ಗುಂಡು

ಅವನ ಬಲಗೈಯ ಕೊನೆಯ ಎರಡು ಬೆರಳುಗಳಲ್ಲಿ ಸ್ಪರ್ಶವಿರಲಿಲ್ಲ.

ಅಡುಗೆಮನೆಯ ಮೇಜಿನ ಮೇಲೆ ಅಂಗೈ ಚಾಚಿ, ಕಣ್ಣು ಮುಚ್ಚಿಕೊಂಡು ಕೂತಿದ್ದ. ಎದುರಿಗೆ ಹೆಂಡತಿ. ಅವಳು ಲ್ಯಾಬೊಂದರ ಪರವಾಗಿ ಮನೆಮನೆಗೆ ಹೋಗಿ ರಕ್ತ ತೆಗೆದು ತರುವವಳು. ಬೆಳಗಿನ ಸುತ್ತು ಮುಗಿಸಿ ಆಗಷ್ಟೇ ಬಂದಿದ್ದಳು, ಹೆಗಲಿನ ಚೀಲವನ್ನೂ ಇಳಿಸಿರಲಿಲ್ಲ. ಗಂಡ ಒಲೆಯ ಮೇಲಿನ ಕುದಿಯುವ ಪಾತ್ರೆಯನ್ನು ಇಕ್ಕಳದಲ್ಲಿ ಇಳಿಸುವಾಗ ಕಿರುಬೆರಳು ಅದಕ್ಕೆ ತಾಗಿಕೊಂಡೇ ಇದ್ದರೂ, ಏನೂ ಆಗದವನಂತೆ ಪೇಪರ್ ಹಿಡಿದು ಕೂತದ್ದನ್ನು ನೋಡಿದವಳೇ ಅವನ ಕೈ ಎಳೆದು ಮೇಜಿನ ಮೇಲಿಟ್ಟಿದ್ದಳು. ಕಿರುಬೆರಳಿನ ಬದಿಯಲ್ಲಿ ಆಗಲೇ ಬೊಬ್ಬೆ ಎದ್ದಿತ್ತು.

"ಈಗ ಯಾವ ಬೆರಳು ಮುಟ್ಟಿದೆ ಹೇಳಿ."

"ಕಿರುಬೆರಳು."

"ಈಗ?"

ಅವನು ಸ್ವಲ್ಪ ತಡೆದು, "ಅದರ ಪಕ್ಕದ್ದು" ಎಂದ.

"ಈಗ?"

"ಮತ್ತೆ ಕಿರುಬೆರಳೇ."

ಅವನು ಕಣ್ಣು ತೆರೆದ. ಅವಳು ಕೈ ಕಟ್ಟಿಕೊಂಡು ಕೂತಿದ್ದಳು.

"ನಾನಿನ್ನೂ ಮುಟ್ಟೇ ಇಲ್ಲ ರೀ."

ಚಳಿಗಾಲದಿಂದ ಹೀಗಾಗಿದೆ ಎಂದು ಅವನು ಬೊಬ್ಬೆಯನ್ನು ನೋಡುತ್ತ ಒಪ್ಪಿಕೊಂಡ. ಈಗ ಬೇಸಿಗೆಯೂ ಮುಗಿಯುತ್ತ ಬಂದಿತ್ತು. ಮೊದಮೊದಲು ಬರೀ ಜೋಮು ಹಿಡಿಯುತ್ತಿತ್ತು, ಕೈ ಕೊಡವಿದರೆ ಬಿಡುತ್ತಿತ್ತು. ಆಮೇಲೆ ಬಿಡುವುದು ತಡವಾಗುತ್ತ ಹೋಯಿತು. ಈಗ ಆ ಎರಡು ಬೆರಳು ಇವೆಯೋ ಇಲ್ಲವೋ ಎಂದು ಕಣ್ಣಲ್ಲೇ ನೋಡಬೇಕು. ಗಾಡಿ ಹತ್ತಿ ಸ್ವಲ್ಪ ಹೊತ್ತಾದರೆ ಉಳಿದವುಗಳಿಗೂ ಹತ್ತಿ ಸುತ್ತಿದಂತಾಗುತ್ತದೆ.

ಕಾರ್ಖಾನೆಯಲ್ಲಿ ಹೇಳಿ, ಡಾಕ್ಟರಿಗೆ ತೋರಿಸಿ ಎಂದಳು ಹೆಂಡತಿ. ಹೇಳಿದರೆ ಗಾಡಿಯಿಂದ ಇಳಿಸುತ್ತಾರೆ ಎಂದ ಅವನು. ಇಳಿಸಲಿ ಎಂದಳು. ಇಳಿಸಿ ಏನು ಮಾಡಿಸುತ್ತಾರೆ, ಗೋದಾಮಿನಲ್ಲಿ ನಟ್ಟು ಬೋಲ್ಟು ಎಣಿಸಲು ಕೂರಿಸುತ್ತಾರೆ ಎಂದ. ಎಣಿಸಿದರೆ ಏನು ಕಿರೀಟ ಬಿದ್ದುಹೋಗುತ್ತದೆ ಎಂದು ಅವಳು ಕೇಳಿದಳು. ಬೊಬ್ಬೆಗೆ ಮುಲಾಮು ಹಚ್ಚಿ, ಬಟ್ಟೆ ಸುತ್ತಿ, ಅವಳು ಎದ್ದು ಹೋದಳು. ಬಟ್ಟೆಯನ್ನು ಬಿಗಿಯಾಗಿ ಸುತ್ತಿದ್ದಾಳೋ ಸಡಿಲವಾಗಿಯೋ ಎಂಬುದು ಅವನಿಗೆ ತಿಳಿಯಲಿಲ್ಲ.

ಅವನ ಕೆಲಸ ಬೈಕ್ ಓಡಿಸುವುದು. ಕಾರ್ಖಾನೆಯವರು ಹೊಸ ಬೈಕ್ ತಯಾರಿಸಿದಾಗ ಅದನ್ನು ಮಾರಾಟಕ್ಕೆ ಬಿಡುವ ಮೊದಲು ಹಿಂದಿನ ಮೈದಾನದ ಸುತ್ತುದಾರಿಯಲ್ಲಿ ಓಡಿಸಿ ನೋಡಬೇಕು. ಆ ದಾರಿಯಲ್ಲಿ ನುಣುಪಾದ ಡಾಂಬರು, ಬೇಕೆಂದೇ ಕೆಡಿಸಿಟ್ಟ ಗುಂಡಿಗಳು, ಕಲ್ಲು ಹಾಸಿದ ಒಂದು ತುಂಡು, ಒಂದು ದಿಬ್ಬ, ಎಲ್ಲ ಇವೆ. ಸವಾರರು ದಿನವಿಡೀ ಗಾಣದ ಎತ್ತಿನಂತೆ ಸುತ್ತುತ್ತಾರೆ. ಸಂಜೆ ಇಂಜಿನಿಯರ್ ಮುಂದೆ ನಿಂತು, ಬ್ರೇಕಿಗೆ ಇಷ್ಟು, ಸೀಟಿಗೆ ಇಷ್ಟು, ಹ್ಯಾಂಡಲಿನ ನಡುಕಕ್ಕೆ ಇಷ್ಟು ಎಂದು ಹತ್ತಕ್ಕೆ ಅಂಕ ಹೇಳುತ್ತಾರೆ.

ನಡುಕ ಅಳೆಯಲು ಯಂತ್ರವೂ ಇತ್ತು. ಬೆಂಕಿಪೊಟ್ಟಣದಷ್ಟು ದೊಡ್ಡದು, ಹ್ಯಾಂಡಲಿಗೆ ತಿರುಪು ಹಾಕಿ ಕೂರಿಸುತ್ತಿದ್ದರು. ಹಲವು ವರ್ಷಗಳ ಹಿಂದೆ ಒಂದು ಬೈಕಿನಲ್ಲಿ ನಡುಕ ಬಹಳವಿದೆ ಎಂದು ಆ ಯಂತ್ರ ಹೇಳಿತು, ಇಲ್ಲ ಎಂದು ಇವನು ಹೇಳಿದ. ಬಿಚ್ಚಿ ನೋಡಿದರೆ ಯಂತ್ರದ ತಿರುಪೇ ಸಡಿಲವಾಗಿತ್ತು. ಅಂದಿನಿಂದ ಅವನಿಗೆ ಮೀಟರ್ ಎಂದು ಹೆಸರು ಬಿತ್ತು. ಯಂತ್ರಕ್ಕೂ ಮೀಟರ್‌ಗೂ ತಾಳೆಯಾಗದಿದ್ದರೆ ಮೊದಲು ಯಂತ್ರದ ತಿರುಪು ನೋಡಬೇಕು ಎಂಬುದು ಆ ಶೆಡ್ಡಿನಲ್ಲಿ ಬರೆಯದ ನಿಯಮವಾಯಿತು. ಇಂಜಿನಿಯರುಗಳು ಬಂದರು, ಹೋದರು. ಹೊಸಬರಿಗೆ ಹಳಬರು ಬೀಗದ ಕೈ ಕೊಟ್ಟಂತೆ ಈ ನಿಯಮವನ್ನೂ ಕೊಟ್ಟು ಹೋದರು.

ಬೆರಳು ಹೋದ ಮೇಲೆ ಮೀಟರ್ ಕಣ್ಣಿನಿಂದ ಕೆಲಸ ನಡೆಸಿದ್ದ. ಹ್ಯಾಂಡಲ್ ನಡುಗಿದರೆ ಅದಕ್ಕೆ ಕೂರಿಸಿದ ಕನ್ನಡಿಯೂ ನಡುಗುತ್ತದೆ. ಸುತ್ತುದಾರಿಯ ನೇರ ತುಂಡಿನಲ್ಲಿ ಹೋಗುವಾಗ ಹಿಂದಿನ ನೀರಿನ ಟ್ಯಾಂಕು ಬಲಗನ್ನಡಿಯಲ್ಲಿ ಕಾಣುತ್ತಿತ್ತು, ಅದರ ಮೇಲೆ ಕಾರ್ಖಾನೆಯ ಹೆಸರು ದಪ್ಪಕ್ಷರಗಳಲ್ಲಿತ್ತು. ಅಕ್ಷರಗಳ ಅಂಚು ಸ್ಪಷ್ಟವಿದ್ದರೆ ಎಂಟು. ಅಂಚು ಕದಡಿದರೆ ಆರು. ಟ್ಯಾಂಕೇ ಕದಡಿ ಬೂದಿಯ ಮುದ್ದೆಯಾದರೆ ನಾಲ್ಕು. ಎಷ್ಟೋ ತಿಂಗಳು ಹೀಗೆ ನಡೆಯಿತು, ಯಾರಿಗೂ ಅನುಮಾನ ಬರಲಿಲ್ಲ.

ಆ ವರ್ಷದ ಹೊಸ ಬೈಕು ಕಂಪನಿಯ ಎಲ್ಲ ಬೈಕುಗಳಿಗಿಂತ ಅಗ್ಗದ್ದು. ದಿನಾ ಕೆಲಸಕ್ಕೆ ಹೋಗಿ ಬರುವವರಿಗೆ, ಮೊದಲ ಸಲ ಗಾಡಿ ಕೊಳ್ಳುವವರಿಗೆ ಎಂದು ಮಾಡಿದ್ದು. ಅಗ್ಗವಾಗಿಸಲು ಅದರ ಮೈಮೇಲಿದ್ದುದನ್ನೆಲ್ಲ ಒಂದೊಂದಾಗಿ ಕಿತ್ತಿದ್ದರು. ಬಟನ್ ಒತ್ತಿ ಸ್ಟಾರ್ಟ್ ಮಾಡುವುದು ಹೋಯಿತು, ಒದೆಯುವುದಷ್ಟೇ ಉಳಿಯಿತು. ಪೆಟ್ರೋಲ್ ಎಷ್ಟಿದೆ ಎಂದು ತೋರಿಸುವ ಮುಳ್ಳು ಹೋಯಿತು. ಸೀಟಿನ ಸ್ಪಂಜು ತೆಳುವಾಯಿತು. ಕೀಳಲು ಇನ್ನೊಂದೇ ಸಾಮಾನು ಉಳಿದಿತ್ತು. ಹ್ಯಾಂಡಲಿನ ಕೊಳವೆಯ ಎರಡೂ ತುದಿಯೊಳಗೆ ಒಂದೊಂದು ಕಬ್ಬಿಣದ ತುಂಡು ಕೂರುತ್ತದೆ. ಇಂಜಿನ್ನಿನ ನಡುಕವನ್ನು ಅದರ ಭಾರ ನುಂಗಿಕೊಳ್ಳುತ್ತದೆ, ಸವಾರನ ಕೈಗೆ ಬಿಡುವುದಿಲ್ಲ. ಶೆಡ್ಡಿನಲ್ಲಿ ಅದಕ್ಕೆ ಗುಂಡು ಎನ್ನುತ್ತಿದ್ದರು.

ಇಂಜಿನಿಯರ್ ಎರಡು ಬೈಕ್ ತಂದು ನಿಲ್ಲಿಸಿದ. ಒಂದರಲ್ಲಿ ಗುಂಡು ಇದೆ, ಇನ್ನೊಂದರಲ್ಲಿ ಇಲ್ಲ. ಯಾವುದು ಯಾವುದೆಂದು ತಿಳಿಯದಂತೆ ನಾಲ್ಕೂ ತುದಿಗೆ ಕಪ್ಪು ಟೇಪು ಸುತ್ತಿದ್ದ. ಅವನು ಕೆಟ್ಟವನಲ್ಲ. ಮೇಲಿನವರು ಗುಂಡು ತೆಗಿ ಎಂದು ತಲೆ ತಿನ್ನುತ್ತಿದ್ದರೂ, ಸವಾರರು ಬೇಕು ಎಂದರೆ ತಾನು ಅದಕ್ಕಾಗಿ ಜಗಳಾಡುತ್ತೇನೆ ಎಂದು ಮೊದಲೇ ಹೇಳಿದ್ದ. ಮೀಟರ್ ಎರಡೂ ಗಾಡಿಗಳ ಸುತ್ತ ಒಂದು ಸುತ್ತು ಬಂದ. ಎರಡಕ್ಕೂ ಕನ್ನಡಿ ಇರಲಿಲ್ಲ.

"ಕನ್ನಡಿ ಎಲ್ಲಿ ಸಾರ್?"

"ಇನ್ನೂ ಬಂದಿಲ್ಲ ಮೀಟರ್. ಯಾಕೆ, ತಲೆ ಬಾಚ್ಕೋಬೇಕಿತ್ತಾ?"

ಎಲ್ಲರೂ ನಕ್ಕರು. ಮೀಟರ್ ಕೂಡ ನಕ್ಕ.

ಅಂದು ಓಡಿಸಿದವರು ಮೂವರು. ಮೀಟರ್ ಒಬ್ಬ. ಇನ್ನೊಬ್ಬ ದಪ್ಪ ಮೈಯವನು, ಮೀಟರ್ ಹೇಳಿದ ಅಂಕವನ್ನೇ ತಾನೂ ಹೇಳಿ ವರ್ಷಗಳಿಂದ ಸುಖವಾಗಿದ್ದವನು. ಅವನಿಗೆ ಹೌದಪ್ಪ ಎಂದು ಹೆಸರು. ಮೂರನೆಯವಳು ಹೊಸ ಹುಡುಗಿ. ಮೊದಲು ಬೈಕಿನಲ್ಲಿ ಪಾರ್ಸಲ್ ಹಂಚುತ್ತಿದ್ದವಳು ಇಲ್ಲಿಗೆ ಬಂದು ಕೆಲವು ತಿಂಗಳಾಗಿತ್ತು, ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಅವಳು ಅಂಕ ಹೇಳುವಾಗ ತಡವರಿಸುತ್ತಿರಲಿಲ್ಲ, ಬಹಳ ಸಲ ಅದು ಯಂತ್ರದ ಅಂಕಿಗೆ ಹತ್ತಿರವೂ ಇರುತ್ತಿತ್ತು. "ಇವಳು ಡಿಜಿಟಲ್ ಮೀಟರ್ ಕಣೋ, ಹಳೇದನ್ನ ಗುಜರಿಗೆ ಹಾಕೋ ಕಾಲ ಬಂತು" ಎಂದು ಹೌದಪ್ಪ ಒಮ್ಮೆ ಚುಡಾಯಿಸಿದ್ದ. ಮೀಟರ್‌ಗೆ ಆ ಮಾತು ಮೈಗೆ ಮುಳ್ಳಿನಂತೆ ಅಂಟಿಕೊಂಡಿತ್ತು.

ನಡುಕ ನೋಡುವ ಸುತ್ತಿಗೆ ಕೈಗವಸು ಹಾಕುವಂತಿರಲಿಲ್ಲ. ಬರಿಗೈಯಲ್ಲೇ ಹಿಡಿಯಬೇಕು. ಎಲ್ಲರೂ ಎರಡೂ ಗಾಡಿ ಓಡಿಸಿ ಮುಗಿಸುವವರೆಗೆ ಯಾರೂ ಯಾರೊಂದಿಗೂ ಮಾತಾಡುವಂತಿರಲಿಲ್ಲ.

ಮೀಟರ್ ಮೊದಲ ಗಾಡಿಯಲ್ಲಿ ನೇರ ದಾರಿಗೆ ಬಂದ. ಅಭ್ಯಾಸದಿಂದ ಕಣ್ಣು ಬಲಕ್ಕೆ ಹೊರಳಿತು. ಕನ್ನಡಿ ಇರಬೇಕಾದ ಜಾಗದಲ್ಲಿ ಬೇಲಿ ಓಡುತ್ತಿತ್ತು. ಹಿಡಿತ ಬಿಗಿ ಮಾಡಿದ. ತೋರುಬೆರಳು ಮತ್ತು ಹೆಬ್ಬೆರಳಿಗೆ ಎಲ್ಲೋ ದೂರದಲ್ಲಿ ಹಿಟ್ಟಿನ ಗಿರಣಿ ಓಡುತ್ತಿರುವಷ್ಟು ಏನೋ ತಿಳಿದಂತಾಯಿತು. ಎರಡನೆಯ ಗಾಡಿಯಲ್ಲೂ ಅಷ್ಟೇ. ಗಿರಣಿ ಹತ್ತಿರ ಬಂದಿತೋ, ದೂರ ಹೋಯಿತೋ, ಹೇಳಲಾಗಲಿಲ್ಲ. ಹಲ್ಲು ಕಚ್ಚಿ, ಕೆಳದವಡೆಗೆ ಏನಾದರೂ ಬರುತ್ತದೆಯೇ ಎಂದು ನೋಡಿದ. ಯಾರೂ ಕಾಣದ ತಿರುವಿನಲ್ಲಿ ಮುಂದಕ್ಕೆ ಬಾಗಿ ಮುಂಗೈಯನ್ನು ಹ್ಯಾಂಡಲಿಗೆ ಒತ್ತಿದ. ಗಾಡಿ ಸ್ವಲ್ಪ ಓಲಾಡಿತು, ಬಿಟ್ಟುಬಿಟ್ಟ.

ಇಳಿದು ಬಂದಾಗ ಅವನ ಅಂಗಿ ಬೆನ್ನಿಗೆ ಅಂಟಿತ್ತು. ರೂಢಿಯಂತೆ ಹಿರಿಯನೇ ಮೊದಲು ಹೇಳಬೇಕು. ಒಂದು ಹೆಚ್ಚು, ಇನ್ನೊಂದು ಕಡಿಮೆ ಎಂದರೆ ಅರ್ಧಕ್ಕರ್ಧ ತಪ್ಪುವ ಭಯ. ಎರಡೂ ಒಂದೇ ಎಂದುಬಿಟ್ಟರೆ ಅಂಥ ದೊಡ್ಡ ತಪ್ಪೇನೂ ಆಗುವುದಿಲ್ಲ ಎಂದು ಅವನಿಗೆ ತೋಚಿತು.

"ಎರಡೂ ಒಂದೇ ಸಾರ್. ಏಳು ಕೊಡಬಹುದು."

ಇಂಜಿನಿಯರನ ಹುಬ್ಬು ಮೇಲಕ್ಕೇರಿತು. ಗುಂಡು ಇದ್ದರೂ ಏಳು, ಇಲ್ಲದಿದ್ದರೂ ಏಳು ಎಂದಾದರೆ ಗುಂಡು ಯಾಕೆ ಬೇಕು? ಮೀಟರ್‌ಗೆ ಇದು ಹೊಳೆದದ್ದು ಮಾತು ಬಾಯಿ ಬಿಟ್ಟ ಮೇಲೆ. ಹೌದಪ್ಪ ಏಳು, ಏಳು ಎಂದ. ಹುಡುಗಿ ಮೀಟರ್ ಕಡೆ ಒಮ್ಮೆ ನೋಡಿ, ತನ್ನ ಅಂಗೈಗಳನ್ನು ಒಂದಕ್ಕೊಂದು ಉಜ್ಜಿದಳು.

"ಮೊದಲನೇದು ಏಳು. ಎರಡನೇದು ನಾಲ್ಕು. ನನ್ನ ಕೈ ಇನ್ನೂ ಜುಮ್ಮಂತಿದೆ ಸಾರ್."

ಯಂತ್ರದ ಅಂಕಿಯೂ ಅದನ್ನೇ ಹೇಳುತ್ತಿತ್ತು. ಇಂಜಿನಿಯರ್ ಅದನ್ನು ನೋಡಿದ, ಮೀಟರ್‌ನನ್ನು ನೋಡಿದ. ಕೊನೆಗೆ ಎರಡನೆಯ ಗಾಡಿಯ ಬಳಿ ಕುಕ್ಕರಗಾಲಿನಲ್ಲಿ ಕೂತು ಯಂತ್ರದ ತಿರುಪನ್ನು ತಿರುಗಿಸಿ ನೋಡತೊಡಗಿದ.

ಚಹಾದ ಹೊತ್ತಿಗೆ ಶೆಡ್ಡಿನ ಪಕ್ಕದ ಕಟ್ಟೆಯ ಮೇಲೆ ಲೋಟಗಳು ಬಂದವು. ಸ್ಟೀಲಿನ ಲೋಟ, ಕುದಿಯುತ್ತಿದ್ದ ಚಹಾ. ಎಲ್ಲರೂ ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಕೈ ಬದಲಿಸುತ್ತ, ಊದುತ್ತ ನಿಂತಿದ್ದರು. ಮೀಟರ್ ತಳಕ್ಕೆ ಬಲಗೈಯ ಕಿರುಬೆರಳು ಕೊಟ್ಟು ಹಿಡಿದುಕೊಂಡು ಬೇಲಿಯ ಕಡೆ ನೋಡುತ್ತಿದ್ದ. ಹುಡುಗಿ ಬಂದು ಪಕ್ಕದಲ್ಲಿ ನಿಂತದ್ದು ಗೊತ್ತಾಗಲಿಲ್ಲ. ಅವಳು ಲೋಟದ ತಳವನ್ನೂ, ಅದರಡಿಯ ಬೆರಳನ್ನೂ, ಬೆರಳಿನ ಮೇಲಿನ ಹಳೆಯ ಸುಟ್ಟ ಗಾಯವನ್ನೂ ನೋಡುತ್ತಿದ್ದಳು.

"ಅಣ್ಣಾ, ಸುಡ್ತಿಲ್ವಾ?"

ಅವನು ಲೋಟವನ್ನು ಎಡಗೈಗೆ ಬದಲಿಸಿದ. ಅಲ್ಲಿ ಸುಟ್ಟಿತು, ಚಹಾ ಚೆಲ್ಲಿತು.

"ಯಾವಾಗಿಂದ ಹೀಗೆ?" ಎಂದು ಅವಳು ತಗ್ಗಿದ ದನಿಯಲ್ಲಿ ಕೇಳಿದಳು.

"ಏನು ಯಾವಾಗಿಂದ? ನಿನ್ನ ಕೈ ಹೊಸದು ಕಣಮ್ಮಾ, ಸೊಳ್ಳೆ ಕೂತ್ರೂ ಆನೆ ಅನ್ಸುತ್ತೆ. ನಾಲ್ಕು ಕಾಲ ಓಡ್ಸು, ಆಮೇಲೆ ನಂಗೆ ಪಾಠ ಹೇಳ್ಕೊಡು."

ಹುಡುಗಿ ತನ್ನ ಲೋಟದೊಳಗೆ ಊದಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಅವನಿಗೆ ಸಿಟ್ಟೇ ಬೇಕಿತ್ತು.

"ನಾನು ಯಾರಿಗೂ ಹೇಳಲ್ಲ ಅಣ್ಣಾ. ನೀವೇ ಹೇಳಿ. ಈ ಗಾಡಿ ಓಡ್ಸೋರು ದಿನಾ ಓಡ್ಸೋರು."

ಅವನು ಉಳಿದ ಚಹಾವನ್ನು ಬೇಲಿಯ ಬುಡಕ್ಕೆ ಚೆಲ್ಲಿ ಒಳಗೆ ಹೋದ.

ಮಾರನೆಯ ದಿನ ಇಂಜಿನಿಯರ್ ಅವನೊಬ್ಬನನ್ನೇ ಕರೆದ. ಯಂತ್ರದ ತಿರುಪು ಬಿಗಿಯಾಗಿಯೇ ಇತ್ತು, ಆದರೂ ಬಿಚ್ಚಿ ಮತ್ತೆ ಬಿಗಿ ಮಾಡಿಸಿದ್ದೇನೆ, ಅಂಕಿ ಮಾತ್ರ ಬದಲಾಗಿಲ್ಲ, ಯಂತ್ರವೇ ಹಳೆಯದಾಯಿತೋ ಏನೋ ಎಂದ. ಮಾತಾಡುತ್ತಲೇ ಎರಡನೆಯ ಗಾಡಿಯ ಕೀಲಿಯನ್ನು ಮೀಟರ್ ಕೈಗಿಟ್ಟ.

"ಇನ್ನೊಂದ್ಸಲ ಕೂತು ನೋಡಿ ಮೀಟರ್. ನೀವು ಏನು ಹೇಳ್ತೀರೋ ಅದೇ ಕೊನೆ. ಬೇಕು ಅಂದ್ರೆ ಬೇಕು, ಬೇಡ ಅಂದ್ರೆ ಬೇಡ."

ಮೀಟರ್ ಗಾಡಿಯನ್ನು ಒದ್ದು ಸ್ಟಾರ್ಟ್ ಮಾಡಿದ. ಮೈದಾನದಲ್ಲಿ ಬೇರೆ ಯಾರೂ ಇರಲಿಲ್ಲ. ಮೊದಲ ಸುತ್ತಿನಲ್ಲಿ, ಇಳಿದ ತಕ್ಷಣ ಹೇಳಿಬಿಡುವುದು ಎಂದುಕೊಂಡ. ಹೇಗೆ ಶುರು ಮಾಡುವುದು ಎಂದೂ ಯೋಚಿಸಿದ: ಸಾರ್, ನಿನ್ನೆ ನನಗೆ ಸರಿಯಾಗಿ ಗೊತ್ತಾಗಲಿಲ್ಲ. ಗೊತ್ತಾಗಲಿಲ್ಲ ಎಂದರೆ ಯಾಕೆ ಎಂದು ಕೇಳುತ್ತಾನೆ. ಎರಡನೆಯ ಸುತ್ತಿನಲ್ಲಿ ಗೋದಾಮು ಕಣ್ಣ ಮುಂದೆ ಬಂತು. ತಗಡಿನ ಸೂರು, ಗೋಡೆಯುದ್ದಕ್ಕೂ ಡಬ್ಬಗಳು, ಕೈ ಕತ್ತರಿಸಿಕೊಂಡ ಒಬ್ಬ ಫಿಟ್ಟರ್ ಅಲ್ಲಿ ಕಾಲ ತಳ್ಳುತ್ತಿದ್ದ. ಚೀಟಿ ತಂದವರಿಗೆ ಸಾಮಾನು ಕೊಡುವುದು ಅವನ ಕೆಲಸ. ಅವನ ಹೆಸರು ಯಾರಿಗೂ ನೆನಪಿರಲಿಲ್ಲ, ಏಯ್ ಗೋದಾಮು ಎಂದೇ ಕರೆಯುತ್ತಿದ್ದರು. ಮೂರನೆಯ ಸುತ್ತನ್ನು ಮೀಟರ್ ಬೇಗ ಮುಗಿಸಿದ. ಈ ಸಲ ಹುಡುಗಿಯ ಮಾತನ್ನೇ ಕದ್ದು ನಾಲ್ಕು ಎನ್ನಬಹುದಿತ್ತು, ಬೆರಳಿನ ಸುದ್ದಿ ಎತ್ತಬೇಕಾಗಿಯೇ ಇರಲಿಲ್ಲ. ಆದರೆ ನಿನ್ನೆ ಏಳು ಎಂದಿದ್ದ ಮೀಟರ್ ಇಂದು ನಾಲ್ಕು ಎಂದರೆ ಮೀಟರ್ ಕೆಟ್ಟಿತು ಎಂದೇ ಅರ್ಥ. ಅದನ್ನು ಹೌದಪ್ಪ ಶೆಡ್ಡಿನ ತುಂಬ ಡಂಗುರ ಸಾರುತ್ತಿದ್ದ.

"ನಿನ್ನೆ ಹೇಳಿದ್ದೇ ಸಾರ್. ಗುಂಡಿಲ್ಲದಿದ್ರೂ ನಡಿಯತ್ತೆ."

ಇಂಜಿನಿಯರ್ ನಿಟ್ಟುಸಿರು ಬಿಟ್ಟ. ಸಮಾಧಾನದ ಉಸಿರೇ ಇರಬೇಕು.

ಗುಂಡು ಹೋಯಿತು. ಹಳೆಯ ಯಂತ್ರವನ್ನು ಕಪಾಟಿಗೆ ಹಾಕಿದರು. ಹುಡುಗಿಯ ಅಂಕಗಳು ಮೀಟರ್ ಅಂಕಗಳಿಗೆ ಹೊಂದುವುದಿಲ್ಲ ಎಂಬುದು ಆಮೇಲೂ ಎರಡು ಮೂರು ಸಲ ಮಾತಿಗೆ ಬಂತು. ಕೈ ಸೂಕ್ಷ್ಮ ಜಾಸ್ತಿ, ಈ ಕೆಲಸಕ್ಕಲ್ಲ ಎಂದು ಯಾರೋ ಅಂದರು. ಇಂಜಿನಿಯರ್ ಮೀಟರ್‌ನ ಅಭಿಪ್ರಾಯ ಕೇಳಿದಾಗ ಅವನು, ಹುಡುಗಿ ಒಳ್ಳೆಯವಳೇ ಎಂದ. ಅಷ್ಟು ಹೇಳಿ ನಿಲ್ಲಿಸಿದ. ಖಾಯಂ ಆಗಬೇಕಾದ ತಿಂಗಳು ಅವಳನ್ನು ಕಳಿಸಿಬಿಟ್ಟರು. ಹೋಗುವ ದಿನ ಹೆಲ್ಮೆಟ್ ಒಪ್ಪಿಸಲು ಶೆಡ್ಡಿಗೆ ಬಂದವಳು ಮೀಟರ್ ಹತ್ತಿರ ನಿಂತಳು. ಅವನು ಸರಪಳಿಗೆ ಎಣ್ಣೆ ಬಿಡುವ ನೆಪದಲ್ಲಿ ತಲೆ ತಗ್ಗಿಸಿದ್ದ.

"ಕೈ ನೋಡ್ಕೊಳ್ಳಿ ಅಣ್ಣಾ."

ಅವನು ತಲೆ ಎತ್ತುವಷ್ಟರಲ್ಲಿ ಅವಳು ಗೇಟಿನ ಹತ್ತಿರವಿದ್ದಳು.

ಬೈಕು ಮಾರಾಟಕ್ಕೆ ಬಂದಾಗ ಕಂಪನಿಯವರಿಗೆಲ್ಲ ರಿಯಾಯಿತಿ ಎಂದರು. ಮೀಟರ್ ಈ ಸುದ್ದಿಯನ್ನು ಮನೆಯಲ್ಲಿ ಹೇಳಲಿಲ್ಲ. ಹೆಂಡತಿ ಬೇರೆ ಕಡೆಯಿಂದ ತಿಳಿದುಕೊಂಡು ಬಂದಳು. ಗಾಡಿ ಇದ್ದವರಿಗೆ ಲ್ಯಾಬಿನವರು ಹೆಚ್ಚು ಮನೆ ಕೊಡುತ್ತಿದ್ದರು. ಇವಳು ಬಸ್ಸು ಕಾದು, ನಡೆದು, ದೂರದ ಮನೆಗಳನ್ನು ಬಿಟ್ಟುಕೊಡುತ್ತಿದ್ದಳು. ಇವಳೇ ಬರಲಿ ಎನ್ನುವ ಮನೆಗಳು ಬೇಕಾದಷ್ಟಿದ್ದವು. ಬೇರೆಯವರು ಸೂಜಿ ಹಿಡಿದು ಹುಡುಕಾಡುವ ಕೈಗಳಲ್ಲಿ ಇವಳು ತೋರುಬೆರಳಿನ ತುದಿ ಇಟ್ಟು, ಒತ್ತಿ, ಬಿಟ್ಟು, ಒಂದೇ ಚುಚ್ಚಿಗೆ ನರ ಹಿಡಿಯುತ್ತಿದ್ದಳು. ತಮ್ಮನ ಗಾಡಿಯಲ್ಲಿ ಓಡಿಸುವುದನ್ನೂ ಕಲಿತಿದ್ದಳು.

ಷೋರೂಮಿನ ಮುಂದೆ ಪರೀಕ್ಷೆಗೆಂದು ಒಂದು ಕೆಂಪು ಬೈಕ್ ನಿಲ್ಲಿಸಿದ್ದರು. ಮಾರುವವನು ಅದರ ಗುಣಗಾನ ಮಾಡುತ್ತಿದ್ದ, ಪೆಟ್ರೋಲು ವಾಸನೆ ತೋರಿಸಿದರೆ ಸಾಕು ಓಡುತ್ತದೆ ಎಂದ. ಕಂಪನಿಯ ಸವಾರರ ಮುಂದೆ ಇದನ್ನೆಲ್ಲ ಹೇಳಬೇಕಾಗಿಲ್ಲ ಎಂದೂ ಸೇರಿಸಿ ಮೀಟರ್ ಕಡೆ ಹಲ್ಲು ಕಿರಿದ. ಹೆಂಡತಿ ಗಾಡಿ ಹತ್ತಿ, ಹೆಲ್ಮೆಟಿನ ಪಟ್ಟಿ ಬಿಗಿದು, ಕಾಲಿನಿಂದ ಒದೆಯುವ ಮೊದಲು ಗಂಡನನ್ನು ಹತ್ತಿರ ಕರೆದಳು. ಮಾರುವವನಿಗೆ ಕೇಳಿಸದಂತೆ ದನಿ ಇಳಿಸಿದಳು.

"ರೀ, ನಿಜ ಹೇಳಿ. ಇದನ್ನ ನೀವು ನೋಡಿದ್ದು ಬೆರಳು ಹೋಗೋ ಮೊದಲಾ, ಆಮೇಲಾ?"

ಅವನು ಪೆಟ್ರೋಲ್ ಟ್ಯಾಂಕಿನ ಮುಚ್ಚಳವನ್ನು ನೋಡಿದ. ಅದರಲ್ಲಿ ಆಕಾಶದ ಒಂದು ತುಂಡು ಕಾಣುತ್ತಿತ್ತು.

"ಮೊದಲೇ ಕಣೆ. ಹೋದ ವರ್ಷವೇ ಎಲ್ಲ ಮುಗಿದಿತ್ತು."

"ಹಾಗಾದ್ರೆ ಸರಿ" ಎಂದು ಅವಳು ಗಾಡಿಯನ್ನು ಒದ್ದು ಸ್ಟಾರ್ಟ್ ಮಾಡಿದಳು.

ಅವಳು ರಸ್ತೆಯ ತುದಿಯವರೆಗೆ ಹೋಗಿ ತಿರುಗಿ ಬಂದಳು. ಇನ್ನೊಂದು ಸುತ್ತು ಹೋಗಿ ಬಾ, ಸ್ವಲ್ಪ ಜೋರಾಗಿ ಓಡಿಸು ಎಂದ ಮೀಟರ್. ಅವಳು ಹೋಗಿ ಬಂದಳು. ಷೋರೂಮಿನ ಮುಂದಿನ ರಸ್ತೆ ಜೋರಾಗಿ ಓಡಿಸುವಷ್ಟು ಉದ್ದವಿರಲಿಲ್ಲ. ಹಗುರವಾಗಿದೆ, ಹೇಳಿದ ಮಾತು ಕೇಳುತ್ತದೆ, ನಿಮ್ಮ ಹಾಗಲ್ಲ ಎಂದು ನಕ್ಕಳು. ಅವಳು ಹಾಗೆ ನಕ್ಕು ಬಹಳ ದಿನವಾಗಿತ್ತು.

ಗಾಡಿ ಕೊಂಡ ಮೊದಲ ವಾರಗಳು ಚೆನ್ನಾಗಿಯೇ ಕಳೆದವು. ಲ್ಯಾಬಿನವರು ದೂರದ ಬಡಾವಣೆಯ ಮನೆಗಳನ್ನೂ ಕೊಟ್ಟರು. ಆಮೇಲಾಮೇಲೆ ಅವಳು ಗಾಡಿಯಿಂದ ಇಳಿದು ಜನರ ಬಾಗಿಲ ಮುಂದೆ ಕೈ ಕೊಡವುತ್ತ ನಿಲ್ಲತೊಡಗಿದಳು. ದೂರದಿಂದ ಓಡಿಸಿಕೊಂಡು ಬಂದ ಬೆರಳು ಒಮ್ಮೆಲೇ ನರ ಹುಡುಕಲು ಒಪ್ಪುತ್ತಿರಲಿಲ್ಲ. ಚರ್ಮದ ಕೆಳಗೆ ಇರಬೇಕಾದ ಮಿಡಿತ ತನ್ನ ಬೆರಳಿನಲ್ಲೇ ಜುಮುಜುಮು ಎನ್ನುತ್ತಿತ್ತು. ರಕ್ತಕ್ಕಾಗಿ ತಿಂಡಿ ತಿನ್ನದೆ ಕಾದು ಕೂತವರಿಗೆ ಸ್ವಲ್ಪ ತಡೀರಿ ಎಂದರೆ ಸಿಡುಕುತ್ತಿದ್ದರು. ನಿವೃತ್ತ ಮೇಷ್ಟ್ರೊಬ್ಬರಿದ್ದರು, ಒಣಗಿದ ಕೈ, ನೂಲಿನಂಥ ನರ. ವರ್ಷಗಳಿಂದ ಅವರು ಇವಳಿಗೆ ಬಿಟ್ಟು ಬೇರೆ ಯಾರಿಗೂ ಕೈ ಚಾಚಿದವರಲ್ಲ. ಆ ದಿನ ಮೊದಲ ಚುಚ್ಚು ತಪ್ಪಿತು. ಎರಡನೆಯದೂ ತಪ್ಪಿತು. ಮೂರನೆಯದಕ್ಕೆ ಚರ್ಮದಡಿ ನೀಲಿ ಹರಡಿತು. ಅವರ ಮಗಳು ಬಾಗಿಲವರೆಗೆ ಬಂದು, ನಿಮಗೆ ವಯಸ್ಸಾಯ್ತಾ ಅಂತ ಅಪ್ಪ ಕೇಳ್ತಿದ್ದಾರೆ ಎಂದಳು.

ಗಾಡಿಯನ್ನು ಮೊದಲ ಸರ್ವಿಸಿಗೆ ಬಿಟ್ಟಾಗ ಅವಳು ಮೆಕಾನಿಕನಿಗೆ ಹ್ಯಾಂಡಲಿನ ಜುಮುಜುಮು ವಿಷಯ ಹೇಳಿದಳು. ಅವನಿಗೆ ಅದು ದಿನಾ ಕೇಳುವ ದೂರು. ಸ್ಕ್ರೂಡ್ರೈವರ್‌ನಿಂದ ತುದಿಯ ರಬ್ಬರ್ ಎಬ್ಬಿಸಿ, ಒಳಗಿನ ಖಾಲಿ ಕೊಳವೆಯೊಳಕ್ಕೆ ತನ್ನ ಬೆರಳು ತೂರಿಸಿ ತೋರಿಸಿದ.

"ಇಲ್ಲಿ ಒಂದು ಗುಂಡು ಇರಬೇಕಿತ್ತು ಮೇಡಂ. ಕಡೇ ಗಳಿಗೇಲಿ ತೆಗೆದುಬಿಟ್ರು, ಈ ಮಳೆಗಾಲ ಶುರುವಾದಾಗ. ಅಲ್ಲಿ ಯಾರೋ ಮೀಟರ್ ಅಂತ ಇದಾನಂತೆ, ಭಾರಿ ಕೈಯಂತೆ ಅವನದು. ಅವನೇ ಬೇಡ ಅಂದನಂತೆ."

ಈಗ ಹಾಕಿಸಿಕೊಳ್ಳಬಹುದೇ ಎಂದು ಅವಳು ಕೇಳಿದಳು. ಈ ಗಾಡಿಗೆ ಅಂತ ಗುಂಡು ಬರುವುದಿಲ್ಲ, ಬೇರೆಯದರದ್ದು ಇದಕ್ಕೆ ಕೂರುವುದಿಲ್ಲ ಎಂದ ಅವನು.

ಸಂಜೆ ಮೀಟರ್ ಕೆಲಸದಿಂದ ಬಂದಾಗ ಅವಳು ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದಳು. ಅಂಗಳದಲ್ಲಿ ಗಾಡಿಯ ಇಂಜಿನ್ ಇನ್ನೂ ಬಿಸಿಯಿದ್ದು ಟಿಕ್ ಟಿಕ್ ಎನ್ನುತ್ತಿತ್ತು. ಅವನು ಕೈಕಾಲು ತೊಳೆದು ಬಂದು ಎದುರಿಗೆ ಕೂತ. ಮಾತು ಬರುತ್ತದೆ, ಕೂಗು ಬರುತ್ತದೆ ಎಂದು ಕಾದ. ಅವಳು ಮೆಕಾನಿಕ್ ಹೇಳಿದ್ದನ್ನು ಅಡುಗೆಗೆ ಏನು ಮಾಡಲಿ ಎಂದು ಕೇಳುವ ದನಿಯಲ್ಲಿ ಹೇಳಿದಳು. ಈ ಮಳೆಗಾಲ ಎಂಬುದನ್ನು ಎರಡು ಸಲ ಹೇಳಿದಳು.

"ಹೇಳೋಣ ಅಂತಲೇ ಇದ್ದೆ" ಎಂದ ಅವನು.

"ನೀವು ಗೋದಾಮಿಗೆ ಹೋಗಬಾರದು ಅಂತ ನನ್ನನ್ನ ಗಾಡಿ ಹತ್ತಿಸಿದ್ರಿ."

"ಹಾಗಲ್ಲ ಕಣೆ."

"ಮತ್ತೆ ಹೇಗೆ?"

ಅವಳು ಎಡಗೈಯನ್ನು ಮೇಜಿನ ಮೇಲೆ, ಅಂಗೈ ಮೇಲಾಗಿ ಚಾಚಿದಳು. ನರ ಹುಡುಕುವ ಕೈ ಅದು. ಕಣ್ಣು ಮುಚ್ಚಿದಳು.

"ಮುಟ್ಟಿ. ಯಾವ ಬೆರಳು ಅಂತ ಹೇಳ್ತೀನಿ."

ಅವನು ಬಲಗೈಯನ್ನು ಮುಂದೆ ತಂದ. ಎಡಗೈ ಬಳಸಬೇಕಿತ್ತು ಎಂದು ಆಮೇಲೆ ಅನಿಸಿತು. ಮೇಜಿನ ಮೇಲೆ ಕೈ ಇಟ್ಟು, ಬೆರಳನ್ನು ಅವಳ ಬೆರಳಿನತ್ತ ಸರಿಸಿದ. ಅಂಗಳದ ಟಿಕ್ ಟಿಕ್ ನಿಧಾನವಾಗುತ್ತ ಬಂತು.

"ಮುಟ್ಟಿದ್ರಾ?" ಎಂದಳು ಅವಳು, ಕಣ್ಣು ತೆರೆಯದೆ.

ಅವನು ಬಗ್ಗಿ ನೋಡಿದ. ಅವನ ಕಿರುಬೆರಳು ಅವಳ ತೋರುಬೆರಳಿನ ತುದಿಯ ಮೇಲೆಯೇ ಇತ್ತು.

"ಇಲ್ಲ" ಎಂದ. "ಇನ್ನೂ ಇಲ್ಲ."

ಅವಳು ಕೈಯನ್ನು ಹಾಗೆಯೇ ಚಾಚಿಕೊಂಡು ಕಾದಳು.

ಆ ತಿಂಗಳು ಮುಗಿಯುವುದರೊಳಗೆ, ಇನ್ನು ಮುಂದೆ ಬೇರೆ ಯಾರನ್ನಾದರೂ ಕಳಿಸಿ ಎಂದು ಲ್ಯಾಬಿಗೆ ಫೋನ್ ಮಾಡಿದವರು ಹೀಗಿದ್ದರು: ಮೇಷ್ಟ್ರ ಮನೆಯವರು, ಬೇಕರಿಯ ಮೇಲಿನ ಮನೆಯ ಮುದುಕಿ, ಅವಳಿ ಮಕ್ಕಳ ತಾಯಿ, ಮೂಲೆಮನೆಯ ದರ್ಜಿ, ಮತ್ತು ಅವಳ ಸ್ವಂತ ಅತ್ತಿಗೆ. ಒಟ್ಟು ಐದು ಮನೆ.